ನಾಲ್ಕು ರಾತ್ರಿಯ ಪ್ಯಾಕೇಜ್, ಜೀವಮಾನದ ಹೊಟ್ಟೆ

ತೂಕ ಇಳಿಸುವ ಆಪರೇಷನ್ನಿಗಾಗಿ ಬ್ರಿಟನ್ನಿನಿಂದ ತುರ್ಕಿಯ ಇಸ್ತಾನ್‌ಬುಲ್‌ಗೋ ಅಂತಾಲ್ಯಕ್ಕೋ ಹೊರಡುವವರಿಗೆ, ಅಮೆರಿಕದಿಂದ ಗಡಿ ದಾಟಿ ಮೆಕ್ಸಿಕೋದ ತಿಹುವಾನಾಕ್ಕೆ ಹೋಗುವವರಿಗೆ ತಯಾರಿಯ ಪಟ್ಟಿಗಳ ಕೊರತೆಯಿಲ್ಲ. ಪಾಸ್‌ಪೋರ್ಟಿನ ಅವಧಿ ನೋಡಿಕೊಳ್ಳಿ, ಹೊಟ್ಟೆಯ ಮೇಲೆ ಒತ್ತದ ಸಡಿಲ ಬಟ್ಟೆ ಇಟ್ಟುಕೊಳ್ಳಿ, ಉದ್ದ ವೈರಿನ ಚಾರ್ಜರ್ ಮರೆಯಬೇಡಿ, ಒಣಗುವ ತುಟಿಗೆ ಮುಲಾಮು, ಕಾಲಿಗೆ ಬಿಗಿಯಾದ ಕಾಲುಚೀಲ, ವಾಪಸು ಬರುವಾಗ ವಿಮಾನ ನಿಲ್ದಾಣದಲ್ಲಿ ಗಾಲಿಕುರ್ಚಿ. ಏಜೆನ್ಸಿಯವರು ಕಳಿಸುವ ಪಟ್ಟಿಯೂ ಹೋಗಿಬಂದವರು ಹೇಳಿಕೊಡುವ ಪಟ್ಟಿಯೂ ಹೆಚ್ಚುಕಡಿಮೆ ಇಷ್ಟೇ. ಇದರಲ್ಲಿ ಕೆಟ್ಟ ಸಲಹೆ ಅಂತ ಒಂದೂ ಇಲ್ಲ. ಆದರೂ ಇಡೀ ಪಟ್ಟಿಯ ಕಣ್ಣು ನೆಟ್ಟಿರುವುದು ಹೋಗುವ ದಾರಿಯ ಮೇಲೆ. ಸೂಟ್‌ಕೇಸ್ ಹೇಗೆ ತುಂಬಬೇಕೆಂದು ಅದು ಕಲಿಸುತ್ತದೆ. ಮನೆಗೆ ಮರಳಿದ ಮೇಲೆ, ಆಪರೇಷನ್ ಆಗಿ ಹತ್ತನೇ ದಿನಕ್ಕೆ ಜ್ವರ ಬಂದರೆ ಯಾರ ಬಾಗಿಲು ತಟ್ಟಬೇಕೆಂದು ಕಲಿಸುವುದಿಲ್ಲ. ಹೊರದೇಶದಲ್ಲಿ ಈ ಚಿಕಿತ್ಸೆ ಮಾಡಿಸಿಕೊಳ್ಳುವುದೇ ತಪ್ಪು ಎಂದು ನಾನು ವಾದಿಸುತ್ತಿಲ್ಲ. ತಯಾರಿಯ ಕ್ರಮ ತಲೆಕೆಳಗಾಗಿದೆ ಎಂದಷ್ಟೇ ನನ್ನ ತಕರಾರು. ಮರಳಿದ ಮೇಲೆ ನೋಡಿಕೊಳ್ಳುವ ವೈದ್ಯರನ್ನು ಮೊದಲು ಗೊತ್ತು ಮಾಡಿಕೊಳ್ಳಬೇಕು, ವಿಮಾನದ ಟಿಕೆಟ್ ಕೊನೆಗೆ.

ಏಕೆ ಎಂಬುದು ಆಪರೇಷನ್ನಿನ ಸ್ವರೂಪದಲ್ಲೇ ಇದೆ. ಈಗ ಅತಿ ಹೆಚ್ಚು ಮಾರಾಟವಾಗುತ್ತಿರುವುದು ಸ್ಲೀವ್. ಜಠರದ ಮುಕ್ಕಾಲು ಪಾಲನ್ನೋ ಅದಕ್ಕಿಂತ ತುಸು ಹೆಚ್ಚನ್ನೋ ಕತ್ತರಿಸಿ ತೆಗೆದು, ಉಳಿದದ್ದನ್ನು ಬಾಳೆಕಾಯಿಯಂಥ ಒಂದು ಕೊಳವೆಯಾಗಿ ಸ್ಟೇಪಲ್ ಹಾಕಿ ಮುಚ್ಚುತ್ತಾರೆ. ತೆಗೆದದ್ದನ್ನು ಮತ್ತೆ ಜೋಡಿಸಲು ಬರುವುದಿಲ್ಲ. ಕೀಹೋಲ್ ವಿಧಾನದಲ್ಲಿ ಇದು ಒಂದೆರಡು ಗಂಟೆಯ ಕೆಲಸ. ಬಹಳ ಜನ ಎರಡನೇ ದಿನಕ್ಕೆ ಎದ್ದು ಓಡಾಡುತ್ತಾರೆ. ಪ್ಯಾಕೇಜ್ ಮಾರುವವರಿಗೆ ಬೇಕಾದ ಚಿತ್ರವೂ ಅದೇ. ಆದರೆ ಆ ಸ್ಟೇಪಲ್ ಸಾಲು ಎಲ್ಲೋ ಒಂದು ಕಡೆ ಸೋರಲು ಶುರುವಾದರೆ, ನೂರಕ್ಕೆ ಒಬ್ಬಿಬ್ಬರಿಗೆ ಹಾಗಾಗುವುದುಂಟು, ಅದು ಆಸ್ಪತ್ರೆಯ ಹಾಸಿಗೆಯಲ್ಲಿದ್ದಾಗಲೇ ಗೊತ್ತಾಗಬೇಕೆಂದಿಲ್ಲ. ಹಲವರಲ್ಲಿ ಅದು ಡಿಸ್‌ಚಾರ್ಜ್ ಆದ ಮೇಲೆ, ಮೊದಲ ಎರಡು ವಾರಗಳಲ್ಲಿ ಕಾಣಿಸಿಕೊಳ್ಳುತ್ತದೆ. ಕೆಲವರಲ್ಲಿ ಇನ್ನೂ ತಡವಾಗಿ. ಮೊದಲ ಸುಳಿವು ಎದೆಬಡಿತದ ವೇಗ ಇಳಿಯದಿರುವುದು, ಜೊತೆಗೆ ಜ್ವರ, ಎಡ ಭುಜದಲ್ಲಿ ನೋವು. ಹೊಟ್ಟೆಯೊಳಗೆ ಸೋರಿಕೆಯಾದರೆ ನೋವು ಭುಜಕ್ಕೇಕೆ ಬರುತ್ತದೆ ಎಂದು ಗೊತ್ತಿಲ್ಲದವರು ವಿಮಾನದ ಸೀಟಿನಲ್ಲಿ ಅಡ್ಡಾದಿಡ್ಡಿ ಮಲಗಿದ್ದರಿಂದ ಅಂದುಕೊಂಡು ಸುಮ್ಮನಾಗುತ್ತಾರೆ. ರಕ್ತ ಹೆಪ್ಪುಗಟ್ಟುವ ಅಪಾಯವೂ ಹಾಗೆಯೇ, ಅದು ಮನೆಗೆ ಬಂದ ಮೇಲೂ ವಾರಗಟ್ಟಲೆ ಇರುತ್ತದೆ. ಎದೆ ಅಥವಾ ಹೊಟ್ಟೆಯ ಶಸ್ತ್ರಚಿಕಿತ್ಸೆಯಾದವರು ಕನಿಷ್ಠ 10 ದಿನ ವಿಮಾನ ಹತ್ತಬಾರದು ಎಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ವೈದ್ಯಕೀಯ ಪ್ರವಾಸಿಗರಿಗೆ ಹೇಳುತ್ತದೆ. ಕೀಹೋಲ್ ಆಪರೇಷನ್ನಿನ ಮಟ್ಟಿಗೆ ಬ್ರಿಟನ್ನಿನ ಸಲಹೆ ಇದಕ್ಕಿಂತ ಸಡಿಲ ಎಂಬುದನ್ನೂ ಹೇಳಬೇಕು. ಹಾಗಿದ್ದರೂ ಪ್ಯಾಕೇಜಿನ ರಾತ್ರಿಗಳನ್ನು ಎಣಿಸುವವರು ಹೋಟೆಲಿನ ಖರ್ಚನ್ನು ನೋಡಿ ಎಣಿಸುತ್ತಾರೆ. ಗಾಯದ ಲೆಕ್ಕ ಬೇರೆ. ನಾಲ್ಕೈದು ರಾತ್ರಿ ಕಳೆದು ಹೊರಟವರು ಅಪಾಯದ ಅವಧಿಯನ್ನು ದಾಟಿ ಬರುವುದಿಲ್ಲ, ಜೊತೆಗೇ ಹೊತ್ತು ತರುತ್ತಾರೆ.

ಪಟ್ಟಿಗಳು ಸರಿಯಾಗಿ ಹೇಳುವ ಒಂದು ಭಾಗವೂ ಇದೆ. ಆಪರೇಷನ್ನಿಗೆ ಮುಂಚೆ ಎರಡು ವಾರ ಹಿಟ್ಟು-ಸಕ್ಕರೆ ಬಿಟ್ಟು ಕಡಿಮೆ ಕ್ಯಾಲೊರಿಯ ಪಥ್ಯ ಮಾಡಬೇಕು. ಕೊಬ್ಬು ತುಂಬಿದ ಲಿವರ್ ಅದರಿಂದ ಕುಗ್ಗಿ, ಅದರ ಕೆಳಗಿರುವ ಜಠರಕ್ಕೆ ಸರ್ಜನ್ನರ ಕೈ ಸಲೀಸಾಗಿ ತಲುಪುತ್ತದೆ. ಸಿಗರೇಟು ಬಿಡಬೇಕು. ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆಗೆ ಸಿಪ್ಯಾಪ್ ಯಂತ್ರ ಬಳಸುವವರು ಅದನ್ನು ಜೊತೆಗೆ ಒಯ್ಯಬೇಕು. ಇವೆಲ್ಲ ಸರಿ. ಆದರೆ ಇಲ್ಲೂ ಒಂದು ತೊಡಕಿದೆ. ಸಕ್ಕರೆ ಕಾಯಿಲೆಯವರು ಈ ಪಥ್ಯ ಮಾಡುವಾಗ ಮಾತ್ರೆಯನ್ನೋ ಇನ್ಸುಲಿನ್ನನ್ನೋ ತಗ್ಗಿಸಬೇಕಾಗಬಹುದು, ಇಲ್ಲವಾದರೆ ಸಕ್ಕರೆ ಅಂಶ ಅಪಾಯಕಾರಿಯಾಗಿ ಇಳಿಯಬಹುದು. ಎಷ್ಟು ತಗ್ಗಿಸಬೇಕೆಂದು ಹೇಳಬಲ್ಲವರು ರೋಗಿಯನ್ನು ಬಲ್ಲ ಊರಿನ ವೈದ್ಯರು. ಅವರಿಗೆ ಸುದ್ದಿಯೇ ಮುಟ್ಟಿಸದೆ ಹೊರಡುವವರು ಎಷ್ಟೋ ಜನ. ಬೈಯುತ್ತಾರೆಂಬ ಅಂಜಿಕೆ ಒಂದು, ದಪ್ಪಗಿರುವುದಕ್ಕೆ ಆಗಲೇ ಸಾಕಷ್ಟು ಬೈಸಿಕೊಂಡಿರುವ ಬೇಸರ ಇನ್ನೊಂದು. ಆ ಬೇಸರದಲ್ಲಿ ವೈದ್ಯ ವೃತ್ತಿಯ ಪಾಲೂ ಇದೆ.

ಸೂಟ್‌ಕೇಸಿನಲ್ಲಿ ವಾಪಸು ತರಬೇಕಾದದ್ದರ ಬಗ್ಗೆ ಪಟ್ಟಿಗಳು ಮೌನ. ತರಬೇಕಾದದ್ದು ಕಾಗದ. ‘ಆಪರೇಷನ್ ಯಶಸ್ವಿಯಾಗಿದೆ’ ಎಂಬ ಒಂದು ಸಾಲಿನ ಪತ್ರ ಯಾವ ಕೆಲಸಕ್ಕೂ ಬಾರದು. ನಡೆದದ್ದನ್ನು ಹಂತಹಂತವಾಗಿ ದಾಖಲಿಸಿದ ಆಪರೇಷನ್ ನೋಟ್ ಬೇಕು, ಅದೂ ಊರಿನ ವೈದ್ಯರು ಓದಬಲ್ಲ ಭಾಷೆಯಲ್ಲಿ. ಬೈಪಾಸ್ ಮಾಡಿಸಿಕೊಂಡವರ ವಿಷಯದಲ್ಲಿ ಇದು ಇನ್ನೂ ಮುಖ್ಯ. ಬೈಪಾಸ್ ಅನ್ನುವುದರಲ್ಲೇ ಬಗೆಗಳಿವೆ; ಕರುಳನ್ನು ಎರಡು ಕಡೆ ಜೋಡಿಸುವುದು ಒಂದು, ಒಂದೇ ಕಡೆ ಜೋಡಿಸುವ ‘ಮಿನಿ’ ಇನ್ನೊಂದು. ಎಷ್ಟು ಉದ್ದದ ಕರುಳನ್ನು ಬದಿಗೆ ಸರಿಸಿದ್ದಾರೆ ಎಂಬ ಅಂಕಿಯ ಮೇಲೆ ಮುಂದೆ ಯಾವ ಪೋಷಕಾಂಶ ಎಷ್ಟು ಕೊರತೆಯಾಗಬಹುದು ಎಂಬುದು ನಿಂತಿದೆ. ಎರಡು ವರ್ಷದ ನಂತರ ತಡೆಯಲಾಗದ ಹೊಟ್ಟೆನೋವಿನಿಂದ ಬಂದ ರೋಗಿಯನ್ನು ಸ್ಕ್ಯಾನ್ ಮಾಡುವ ವೈದ್ಯರಿಗೆ ಒಳಗಿನ ನಕ್ಷೆಯೇ ಗೊತ್ತಿಲ್ಲದಿದ್ದರೆ ಅವರು ಊಹೆಯ ಮೇಲೆ ಕತ್ತಿ ಹಿಡಿಯಬೇಕು. ಅನ್ನನಾಳದ ಹರ್ನಿಯಾ ಇತ್ತೇ, ಅದನ್ನೂ ಸರಿಪಡಿಸಿದರೇ, ಎಂಡೋಸ್ಕೋಪಿಯಲ್ಲಿ ಏನು ಕಂಡಿತು, ಕತ್ತರಿಸಿ ತೆಗೆದ ಜಠರವನ್ನು ಲ್ಯಾಬಿಗೆ ಕಳಿಸಿದ್ದರೆ ವರದಿ ಏನು ಹೇಳಿತು ಇವೆಲ್ಲ ಆ ಕಡತದಲ್ಲಿರಬೇಕು. ಹಣದ ಕೊನೆಯ ಕಂತು ಕೊಡುವ ಮುಂಚೆಯೇ ಇದನ್ನು ಕೇಳಿ ಪಡೆಯಬೇಕು. ವಿಮಾನ ಹತ್ತಿದ ಮೇಲೆ ಕೇಳಿದವರಿಗೆ ಸಿಗುವುದು ವಾಟ್ಸ್ಯಾಪಿನಲ್ಲಿ ಎರಡು ನೀಲಿ ಗುರುತು.

ಇಲ್ಲಿ ಎದುರಾಗುವ ಮೊದಲ ಆಕ್ಷೇಪ ನ್ಯಾಯವಾದದ್ದೇ. ಊರಿನಲ್ಲೇ ಚಿಕಿತ್ಸೆ ಸಿಗುವಂತಿದ್ದರೆ ಯಾರು ಹೊರಗೆ ಹೋಗುತ್ತಿದ್ದರು? ಬ್ರಿಟನ್ನಿನ ಸರ್ಕಾರಿ ವ್ಯವಸ್ಥೆಯಾದ ಎನ್‌ಎಚ್‌ಎಸ್ ಈ ಆಪರೇಷನ್ ಮಾಡುವುದು ಮುಖ್ಯವಾಗಿ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 40 ದಾಟಿದವರಿಗೆ, ಇಲ್ಲವೇ 35 ದಾಟಿ ಜೊತೆಗೆ ಸಕ್ಕರೆ ಕಾಯಿಲೆಯಂಥ ತೊಂದರೆ ಇರುವವರಿಗೆ. ದಕ್ಷಿಣ ಏಷ್ಯಾ ಮೂಲದವರಿಗೆ ಈ ಗಡಿ 2.5ರಷ್ಟು ಕೆಳಗೆ, ಅಂದರೆ ಅಲ್ಲಿ ನೆಲೆಸಿರುವ ಕನ್ನಡಿಗರಿಗೂ. ಅರ್ಹತೆ ಇದ್ದರೂ ಸರದಿ ಬರಲು ವರ್ಷಗಳು ಹಿಡಿಯಬಹುದು; ಖಾಸಗಿಯಾಗಿ ಮಾಡಿಸಿದರೆ ತುರ್ಕಿಯ ಖರ್ಚಿನ ಎರಡು ಮೂರು ಪಟ್ಟು. ಅಲ್ಲಿಯ ಸರ್ಜನ್ನರು ಕೈ ಪಳಗದವರೇನೂ ಅಲ್ಲ, ಈ ಕೆಲಸವನ್ನು ಬೇರೆಡೆಯವರಿಗಿಂತ ಹೆಚ್ಚು ಸಲ ಮಾಡಿದವರು ಅವರಲ್ಲಿ ಎಷ್ಟೋ ಜನ ಇದ್ದಾರೆ. ಇದೆಲ್ಲವನ್ನೂ ಒಪ್ಪುತ್ತೇನೆ. ಒಪ್ಪಿದ ಮೇಲೂ ಒಂದು ಸಂಗತಿ ಉಳಿಯುತ್ತದೆ. ಅದೇ ಎನ್‌ಎಚ್‌ಎಸ್ ತಾನು ಆಪರೇಷನ್ ಮಾಡಿದ ರೋಗಿಯನ್ನು ಕನಿಷ್ಠ 2 ವರ್ಷ ಪರಿಣತರ ತಂಡದ ಕೈಯಲ್ಲಿ ಇಟ್ಟುಕೊಂಡು, ಆಮೇಲೆ ಬದುಕಿರುವವರೆಗೂ ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಬೇಕೆಂಬ ನಿಯಮ ಇಟ್ಟುಕೊಂಡಿದೆ. ಬ್ರಿಟನ್ನಿನ ಖಾಸಗಿ ಆಸ್ಪತ್ರೆಗಳ ದುಬಾರಿ ಬೆಲೆಯಲ್ಲಿ ಸಾಮಾನ್ಯವಾಗಿ ಅಂಥ ಕಾವಲಿನ ಪಾಲೂ ಸೇರಿರುತ್ತದೆ. ತುರ್ಕಿಯ ಅಗ್ಗದ ಬೆಲೆಯಲ್ಲಿ ಅದು ಸೇರಿಲ್ಲ. ಹಾಗಾಗಿ ಎರಡು ಬೆಲೆಗಳನ್ನು ಪಕ್ಕಪಕ್ಕದಲ್ಲಿಟ್ಟು ಉಳಿತಾಯ ಲೆಕ್ಕ ಹಾಕುವವರು ಎರಡು ಬೇರೆ ಸರಕುಗಳನ್ನು ಒಂದೇ ತಕ್ಕಡಿಯಲ್ಲಿ ತೂಗುತ್ತಿದ್ದಾರೆ. ಕೈಯಲ್ಲಿರುವ ಹಣದಲ್ಲಿ ಒಂದು ಪಾಲನ್ನು ಮುಂದಿನ ಎರಡು ವರ್ಷದ ರಕ್ತ ಪರೀಕ್ಷೆ, ವಿಟಮಿನ್, ಆಹಾರ ತಜ್ಞರ ಭೇಟಿಗೆಂದು ಎತ್ತಿಟ್ಟ ಮೇಲೂ ತುರ್ಕಿಯೇ ಅಗ್ಗವೆನಿಸಿದರೆ, ಹೋಗಲಿ.

ತುರ್ತು ಬಂದರೆ ಊರಿನ ಆಸ್ಪತ್ರೆ ನೋಡಿಯೇ ನೋಡುತ್ತದಲ್ಲ ಎಂಬುದು ಎರಡನೆಯ ಮಾತು. ಹೌದು, ಸಾಯಲು ಬಿಡುವುದಿಲ್ಲ. ಆದರೆ ತುರ್ತು ಚಿಕಿತ್ಸೆ ಬೇರೆ, ತುರ್ತು ಬಾರದಂತೆ ಕಾಯುವ ಚಿಕಿತ್ಸೆ ಬೇರೆ, ಮತ್ತು ಎರಡನೆಯದನ್ನು ಯಾರೂ ಖಾತ್ರಿಯಾಗಿ ಕೊಡುವುದಿಲ್ಲ. ಸಾಮಾನ್ಯ ಪ್ರವಾಸ ವಿಮೆಯೂ ಮೊದಲೇ ಯೋಜಿಸಿಕೊಂಡು ಹೋದ ಚಿಕಿತ್ಸೆಯ ತೊಡಕುಗಳಿಗೆ ಹಣ ಕೊಡುವುದಿಲ್ಲ. ಅದಕ್ಕೆಂದೇ ಇರುವ ಬೇರೆ ಪಾಲಿಸಿ ಕೊಳ್ಳಬೇಕು. ಜೊತೆಗೆ, ನೋಡುವ ವೈದ್ಯರಿಗೆ ಏನನ್ನು ಹುಡುಕಬೇಕೆಂದು ಗೊತ್ತಿರಬೇಕು. 2019ರ ಜನವರಿಯಲ್ಲಿ ಸಿಡಿಸಿ ಒಂದು ಎಚ್ಚರಿಕೆ ಹೊರಡಿಸಿತು. ತಿಹುವಾನಾದಲ್ಲಿ ಆಪರೇಷನ್ ಮಾಡಿಸಿಕೊಂಡು ಮರಳಿದ ಅಮೆರಿಕನ್ನರಲ್ಲಿ, ಬಹುಪಾಲು ತೂಕ ಇಳಿಸಲು ಹೋದವರಲ್ಲಿ, ಕಾರ್ಬಪೆನೆಮ್ ಎಂಬ ಕೊನೆಯ ಸಾಲಿನ ಔಷಧಿಗೂ ಬಗ್ಗದ ಸ್ಯೂಡೊಮೊನಾಸ್ ಸೋಂಕು ಕಂಡುಬಂದಿತ್ತು. ಆಪರೇಷನ್ ಎಲ್ಲಿ ಆಯಿತೆಂದು ರೋಗಿ ಬಾಯಿ ಬಿಟ್ಟು ಹೇಳದಿದ್ದರೆ ವೈದ್ಯರು ಮಾಮೂಲಿ ಆಂಟಿಬಯೋಟಿಕ್ ಕೊಟ್ಟು ದಿನ ಕಳೆಯುತ್ತಾರೆ. 2023ರ ಫೆಬ್ರುವರಿಯಲ್ಲಿ ತುರ್ಕಿಯಲ್ಲಿ ನಡೆದದ್ದು ಇನ್ನೂ ಸ್ಪಷ್ಟ ಸಾಕ್ಷಿ. ಹಸಿವು ತಗ್ಗಲೆಂದು ಜಠರದ ಗೋಡೆಗೆ ಬೊಟುಲಿನಮ್ ಟಾಕ್ಸಿನ್ ಚುಚ್ಚಿಸಿಕೊಂಡವರಲ್ಲಿ ಹತ್ತಾರು ಮಂದಿಗೆ ಬೊಟುಲಿಸಮ್ ತಗುಲಿತು. ತೂಕ ಇಳಿಸಲು ಅನುಮೋದನೆಯಿಲ್ಲದ ಬಳಕೆ ಅದು. ಅವರಲ್ಲಿ ಅನೇಕರು ಆ ವೇಳೆಗೆ ಜರ್ಮನಿ ಮೊದಲಾದ ಕಡೆ ತಮ್ಮ ಮನೆ ಸೇರಿದ್ದರು. ವಸ್ತು ಎರಡೆರಡಾಗಿ ಕಾಣುವುದು, ನುಂಗಲಾಗದಿರುವುದು, ಕೈಕಾಲು ಸೋಲುವುದು ಇವನ್ನು ನೋಡಿ ಕಾರಣ ಪತ್ತೆ ಹಚ್ಚಬೇಕಾದವರು ಚುಚ್ಚಿದವರಾಗಿರಲಿಲ್ಲ, ಊರಿನ ವೈದ್ಯರಾಗಿದ್ದರು.

ಕರ್ನಾಟಕಕ್ಕೆ ಬಂದರೆ ಈ ಹರಿವು ಉಲ್ಟಾ ದಿಕ್ಕಿನದು. ಬೆಂಗಳೂರು ತಾನೇ ಹೊರದೇಶದ ರೋಗಿಗಳು ಬಂದಿಳಿಯುವ ಊರು. ಕೊಲ್ಲಿ ದೇಶಗಳಲ್ಲೋ ಅಮೆರಿಕದಲ್ಲೋ ಇರುವ ಕನ್ನಡಿಗರಿಗೂ ವರ್ಷದ ರಜೆಯಲ್ಲಿ ಬಂದು ಮಾಡಿಸಿಕೊಳ್ಳುವ ಯೋಚನೆ ಸಹಜ. ಅಮೆರಿಕದವರಿಗೆ ಹಿಂದಿರುಗುವ ಪ್ರಯಾಣವೂ ಉದ್ದ, ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ ತಲುಪಲು 16 ಗಂಟೆಗೂ ಹೆಚ್ಚು ಬೇಕು. ಅಮ್ಮನ ಮನೆಯಲ್ಲಿ ಆರೈಕೆ ಸಿಗುತ್ತದೆ ಎಂಬ ಭರವಸೆ ಸುಳ್ಳಲ್ಲ, ಆದರೆ ಆ ಆರೈಕೆಗೂ ತರಬೇತಿ ಬೇಕು. ದಿನಕ್ಕೆ 60 ಗ್ರಾಂ ಪ್ರೋಟೀನ್ ಒಳಹೋಗಬೇಕಾದ, ಒಂದು ಸಲಕ್ಕೆ ನಾಲ್ಕು ಚಮಚ ಮಾತ್ರ ಹಿಡಿಯುವ ಜಠರಕ್ಕೆ ಗಂಜಿ, ತಿಳಿಸಾರು, ಮೆತ್ತಗಿನ ಮುದ್ದೆ ಬಡಿಸಿದರೆ ಪ್ರೀತಿ ಸಲ್ಲುತ್ತದೆ, ಪ್ರೋಟೀನ್ ಸಲ್ಲುವುದಿಲ್ಲ. ತಲೆನೋವಿಗೆಂದು ಮೆಡಿಕಲ್ ಶಾಪಿನಿಂದ ಕೇಳಿ ತರುವ ಬ್ರೂಫೆನ್, ಡೈಕ್ಲೋಫೆನಾಕ್ ಮಾತ್ರೆಗಳು ಬೈಪಾಸ್ ಆದವರಲ್ಲಿ ಜೋಡಣೆಯ ಜಾಗದಲ್ಲೇ ಹುಣ್ಣು ಮಾಡಬಲ್ಲವು. ಎಲ್ಲಕ್ಕಿಂತ ಹೆದರಬೇಕಾದದ್ದು ವಾಂತಿಗೆ. ಆಪರೇಷನ್ ಆದ ಮೊದಲ ತಿಂಗಳುಗಳಲ್ಲಿ ಬಿಡದೆ ವಾಂತಿಯಾಗುವವರ ದೇಹದಲ್ಲಿ ಥಯಮಿನ್, ಅಂದರೆ ಬಿ1 ವಿಟಮಿನ್, ಬೇಗ ಬರಿದಾಗುತ್ತದೆ. ಆ ಸ್ಥಿತಿಯಲ್ಲಿ ಥಯಮಿನ್ ಕೊಡದೆ ಬರಿಯ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಸರಿಪಡಿಸಲಾಗದ ಹಾನಿಯಾಗಬಹುದು. ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಸುಸ್ತು-ವಾಂತಿ ಎಂದೊಡನೆ ಮೊದಲು ಏರುವುದು ಗ್ಲೂಕೋಸ್ ಬಾಟಲಿಯೇ. ರೋಗಿಯ ಜೇಬಿನಲ್ಲಿ ‘ನನಗೆ ಇಂಥ ಆಪರೇಷನ್ ಆಗಿದೆ, ಗ್ಲೂಕೋಸಿಗೆ ಮುಂಚೆ ಥಯಮಿನ್ ಕೊಡಿ’ ಎಂದು ಬರೆದ ಚೀಟಿಯೊಂದಿದ್ದರೆ ಅದು ಯಾವ ಗಾಲಿಕುರ್ಚಿಗಿಂತಲೂ ಬೆಲೆಯುಳ್ಳ ತಯಾರಿ.

ಏಜೆಂಟರು ಕೊಡುವ ಆಶ್ವಾಸನೆ ಒಂದಿದೆ, ಜೀವಮಾನವಿಡೀ ವಾಟ್ಸ್ಯಾಪಿನಲ್ಲಿ ಸಲಹೆ ಎಂದು. ಅದನ್ನು ಪೂರ್ತಿ ಅಲ್ಲಗಳೆಯಬೇಕಿಲ್ಲ; ಪಥ್ಯದ ಸಂಶಯಗಳಿಗೆ ಅದು ಸಾಕು. ಆದರೆ ಫೋನು ನಾಡಿ ಹಿಡಿಯುವುದಿಲ್ಲ, ರಕ್ತ ತೆಗೆಯುವುದಿಲ್ಲ, ಮೂರು ತಿಂಗಳಿಗೊಮ್ಮೆ ಬಿ12 ಚುಚ್ಚುವುದಿಲ್ಲ. ತುರ್ಕಿಯ ಆರೋಗ್ಯ ಸಚಿವಾಲಯ ಹೊರದೇಶದ ರೋಗಿಗಳನ್ನು ನೋಡುವ ಆಸ್ಪತ್ರೆಗಳಿಗೂ ಅವರನ್ನು ಕರೆತರುವ ಏಜೆನ್ಸಿಗಳಿಗೂ ಪ್ರತ್ಯೇಕ ಪರವಾನಗಿ ಕಡ್ಡಾಯ ಮಾಡಿದೆ. ಅದನ್ನು ಪರಿಶೀಲಿಸುವುದು ಅಗತ್ಯ, ಸುಲಭ ಕೂಡ. ಆದರೆ ಪರವಾನಗಿ ಹೇಳುವುದು ಆ ಕಟ್ಟಡದ ವಿಷಯ. ಈ ರೋಗಿಗೆ ಈ ಆಪರೇಷನ್ ಸರಿಯೇ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ಕ್ರಮ ತಲೆಕೆಳಗಾಗಿರುವುದು ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಇಲ್ಲಿಯೇ. ಎತ್ತರ, ತೂಕ, ಎರಡು ಫೋಟೋ ಕಳಿಸಿದರೆ ‘ನಿಮಗೆ ಸ್ಲೀವ್’ ಎಂದು ದರ ಹೇಳಿಬಿಡುವ ಪದ್ಧತಿಯಲ್ಲಿ ತೀರ್ಮಾನ ಮೊದಲು, ಪರೀಕ್ಷೆ ಆಮೇಲೆ. ತೀವ್ರವಾದ ಎದೆಯುರಿ ಇರುವವರಿಗೆ ಸ್ಲೀವ್ ಮಾಡಿದರೆ ಆಮ್ಲ ಮೇಲೇರುವ ತೊಂದರೆ ಇನ್ನೂ ಕೆರಳಬಹುದು. ಅಂಥವರಿಗೆ ಬೈಪಾಸ್ ಮೇಲು, ಕೆಲವರಿಗೆ ಯಾವುದೂ ಬೇಡ. ಇದನ್ನು ಹೇಳುವುದು ಎಂಡೋಸ್ಕೋಪಿ. ಅದು ನಡೆಯುವುದು ಮುಂಗಡ ಕೊಟ್ಟು, ರಜೆ ಹಾಕಿ, ಮನೆಯವರಿಗೆಲ್ಲ ಹೇಳಿ, ಎರಡು ವಾರ ಪಥ್ಯ ಮಾಡಿ ಹೋಗಿ ಇಳಿದ ಮರುದಿನ ಬೆಳಿಗ್ಗೆ. ಆ ಹೊತ್ತಿನಲ್ಲಿ ‘ಬೇಡ’ ಎನ್ನುವ ಧೈರ್ಯ ರೋಗಿಗೂ ಇರುವುದಿಲ್ಲ, ಆ ವಾರದ ಪಟ್ಟಿ ತುಂಬಿಸಬೇಕಾದ ಆಸ್ಪತ್ರೆಗೂ ಇರುವುದಿಲ್ಲ. ಎಂಡೋಸ್ಕೋಪಿ, ರಕ್ತ ಪರೀಕ್ಷೆ, ಹೃದಯದ ತಪಾಸಣೆ ಇಷ್ಟನ್ನು ಊರಿನಲ್ಲೇ ಮುಗಿಸಿ, ವರದಿಗಳನ್ನು ಆಪರೇಷನ್ ಮಾಡಲಿರುವ ಸರ್ಜನ್ನರಿಗೇ ಕಳಿಸಿ, ಅವರೊಡನೆ ಖುದ್ದಾಗಿ ಮಾತಾಡಿ, ಅಲ್ಲಿಗೆ ಹೋದ ಮೇಲೂ ಆಪರೇಷನ್ ಬೇಡವೆಂದಾದರೆ ಎಷ್ಟು ಹಣ ವಾಪಸು ಎಂಬುದನ್ನು ಬರಹದಲ್ಲಿ ಪಡೆದ ಮೇಲೆ ಮುಂಗಡ ಕೊಡಬೇಕು. ಇದಕ್ಕೆ ಒಪ್ಪದ ಆಸ್ಪತ್ರೆಯನ್ನು, ಅದರ ದರ ಎಷ್ಟೇ ಕಡಿಮೆಯಿರಲಿ, ಪಟ್ಟಿಯಿಂದ ಅಲ್ಲೇ ಹೊಡೆದುಹಾಕಬಹುದು.