ಮುಳ್ಳು ಚುಚ್ಚಿಸಿಕೊಂಡವರ ಬೇಟೆ

ಬೆಟ್ಟದ ಆಡಿನ ಬೇಟೆಗೆ ಮೊದಲ ಸಲ ಹೋಗಿಬಂದವರ ಅನುಭವ ಕಥನಗಳಿಗೆ ಇಂಗ್ಲಿಷಿನಲ್ಲಿ ಬರವಿಲ್ಲ. ಉಸಿರು ಕಟ್ಟಿಸುವ ಚಡಾವು, ಹಿಮ, ಬಂಡೆಯಂಚಿನಲ್ಲಿ ನಿಂತ ಬಿಳಿಯ ಪ್ರಾಣಿ, ಒಂದು ಈಡು, ಆಮೇಲೆ ಕೊಂಬು ಹಿಡಿದು ತೆಗೆಸಿಕೊಂಡ ಫೋಟೊ. ಓದುವುದಕ್ಕೆ ಚೆನ್ನಾಗಿಯೇ ಇರುತ್ತವೆ. ಆದರೆ ಆ ಬೇಟೆಯನ್ನು ನಿಜವಾಗಿ ಆಡಿದವರು ಯಾರು ಎಂದು ಕೇಳಿದ ತಕ್ಷಣ ಕಥನದ ಬುಡ ಅಲ್ಲಾಡುತ್ತದೆ.

ಅಲಾಸ್ಕಾದಲ್ಲಿ ಹೊರಗಿನಿಂದ ಬಂದವರು ಒಬ್ಬರೇ ಹೋಗಿ ಬೆಟ್ಟದ ಆಡನ್ನು ಹೊಡೆಯುವಂತಿಲ್ಲ. ಪರವಾನಗಿ ಪಡೆದ ಮಾರ್ಗದರ್ಶಕನೋ, ಅಲ್ಲೇ ನೆಲೆಸಿದ ಹತ್ತಿರದ ಸಂಬಂಧಿಕನೋ ಜೊತೆಗಿರಬೇಕು. ಇದು ಒಳ್ಳೆಯ ಕಾನೂನು. ಆ ಜಾತಿಯಲ್ಲಿ ಗಂಡಿಗೂ ಹೆಣ್ಣಿಗೂ ಕೊಂಬಿರುತ್ತದೆ. ಗಂಡಿನದು ಬುಡದಲ್ಲಿ ದಪ್ಪ, ಒಂದೇ ಹದದಲ್ಲಿ ಹಿಂದಕ್ಕೆ ಬಾಗಿರುತ್ತದೆ. ಹೆಣ್ಣಿನದು ಸಪೂರ, ತುದಿಯ ಬಳಿ ತಟ್ಟನೆ ಹಿಂದಕ್ಕೆ ಮುರಿದಂತಿರುತ್ತದೆ. ದೂರದ ಬಂಡೆಯ ಮೇಲೆ ಈ ವ್ಯತ್ಯಾಸ ಹೊಸಬನ ಕಣ್ಣಿಗೆ ಬೀಳುವುದಿಲ್ಲ. ಮರಿ ಹಾಕುವ ಹೆಣ್ಣುಗಳು ಹೀಗೆ ಸತ್ತರೆ ಇಡೀ ಹಿಂಡು ಸೊರಗುತ್ತದೆ. ಆಡುಗಳು ಅಪಾಯ ಬರುವುದು ತಗ್ಗಿನಿಂದ ಎಂದು ನಂಬಿ ಕೆಳಗೇ ಕಣ್ಣಿಟ್ಟಿರುತ್ತವೆ. ಹಾಗಾಗಿ ಬಳಸಿಕೊಂಡು ಅವುಗಳಿಗಿಂತ ಮೇಲಕ್ಕೆ ಹತ್ತಬೇಕು. ಬಿಸಿಲೇರಿದಂತೆ ಗಾಳಿ ಕಣಿವೆಯಿಂದ ಮೇಲಕ್ಕೆ ಬೀಸುತ್ತದೆ, ಮನುಷ್ಯನ ವಾಸನೆ ಕೆಳಗಿಳಿಯುವುದಿಲ್ಲ. ಪ್ರಾಣಿ ಎಲ್ಲಿ ನಿಂತಾಗ ಹೊಡೆದರೆ ಪ್ರಪಾತಕ್ಕೆ ಉರುಳುವುದಿಲ್ಲ ಎಂಬುದೂ ಗೊತ್ತಿರಬೇಕು. ಇಷ್ಟನ್ನೂ ಬಲ್ಲವನು ಮಾರ್ಗದರ್ಶಕ. ಹಣ ಕೊಟ್ಟು ಬಂದವನ ಪಾಲಿಗೆ ಉಳಿಯುವುದು ಕೋವಿಯ ಕುದುರೆ ಎಳೆಯುವ ಬೆರಳಿನ ಕೆಲಸ ಮಾತ್ರ. ಪುಸ್ತಕದ ಮೇಲೆ ಇರುವ ಹೆಸರು, ಗೋಡೆಗೆ ಏರುವ ತಲೆ, ಎರಡೂ ಅವನದೇ.

ಈ ಪದ್ಧತಿಯನ್ನು ಒಂದೇ ಮಾತಿನಲ್ಲಿ ತಳ್ಳಿಹಾಕಲು ನಾನು ಸಿದ್ಧನಿಲ್ಲ. ಪಾಕಿಸ್ತಾನದ ಉತ್ತರದ ಬೆಟ್ಟಗಳಲ್ಲಿ ಮಾರ್ಖೋರ್ ಎಂಬ ಕಾಡುಮೇಕೆಯ ಬೇಟೆಗೆ ವರ್ಷಕ್ಕೆ ಬೆರಳೆಣಿಕೆಯ ಪರವಾನಗಿಗಳನ್ನು ಹರಾಜು ಹಾಕುತ್ತಾರೆ. ಒಂದೊಂದು ಪರವಾನಗಿ ಲಕ್ಷ ಡಾಲರ್ ದಾಟಿದ್ದುಂಟು. ಅದರಲ್ಲಿ ನೂರಕ್ಕೆ 80 ಭಾಗ ಹಣ ಆ ಕಣಿವೆಯ ಊರುಗಳಿಗೆ ಹೋಗುತ್ತದೆ. ಕದ್ದು ಹೊಡೆಯುತ್ತಿದ್ದ ಊರಿನವರೇ ಕಾವಲಿಗೆ ನಿಂತರು. 2015ರಲ್ಲಿ ಮಾರ್ಖೋರ್ ಅಳಿವಿನಂಚಿನ ಪಟ್ಟಿಯಿಂದ ಕೆಳಗಿಳಿಯಿತು. ಹಣದ ಲೆಕ್ಕದಲ್ಲಿ ಇದು ನ್ಯಾಯವೇ. ಗೌರವದ ಲೆಕ್ಕ ಮಾತ್ರ ಅಲ್ಲಿಯೂ ಚುಕ್ತಾ ಆಗಿಲ್ಲ.

ನಮಗೆ ಹತ್ತಿರದ ಬೆಟ್ಟದ ಆಡು ಎಂದರೆ ನೀಲಗಿರಿ ತಾರ್. ಕರ್ನಾಟಕದಲ್ಲಿ ಅದಿಲ್ಲ, ತಮಿಳುನಾಡು, ಕೇರಳದ ಘಟ್ಟಗಳ ನೆತ್ತಿಯ ಹುಲ್ಲುಗಾವಲಿನಲ್ಲಷ್ಟೇ ಇದೆ. ಕನ್ನಡಕ್ಕೆ ತೀರ ಹತ್ತಿರದ ಮಾತಾಡುವ ಬಡಗರ ಆ ಸೀಮೆಯಲ್ಲಿ ಬ್ರಿಟಿಷರು ಅದನ್ನು ಐಬೆಕ್ಸ್ ಎಂದು ಕರೆದು ಬೆನ್ನುಹತ್ತಿದರು. ಬೆನ್ನು ಬೆಳ್ಳಗಾದ ಮುದಿ ಗಂಡುಗಳ ಮೇಲೆ ಅವರ ಕಣ್ಣು. 1879ರಲ್ಲಿ ನೀಲಗಿರಿಯ ಬೇಟೆಗೆ ಕಟ್ಟುಪಾಡು ಹಾಕುವ ಕಾನೂನು ಬಂದಾಗ ಹೊಡೆಯುವವರೇ ಕಾಯುವವರೂ ಆದರು. ಕೇರಳದ ಎರವಿಕುಳಂ ಕೂಡ ಮೊದಲು ಚಹಾ ತೋಟದ ದೊರೆಗಳ ಬೇಟೆಯ ಮೀಸಲು; 1978ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಅಲ್ಲಿ ದೊರೆಗಳಿಗೆ ದಾರಿ ತೋರಿದವರು ಮುದುವ ಬುಡಕಟ್ಟಿನವರು. ಆ ಹೆಜ್ಜೆಗಾರರಲ್ಲಿ ಎಷ್ಟು ಜನರ ಹೆಸರು ನಮಗೆ ಗೊತ್ತು? ಈ ವಿಷಯದಲ್ಲಿ ಬೆಂಗಳೂರಿನ ಬೇಟೆಗಾರ ಲೇಖಕ ಕೆನೆತ್ ಆಂಡರ್ಸನ್ ಎಷ್ಟೋ ವಾಸಿ. ಪೂಜಾರಿ ಬೈರ, ರಂಗ ಇವರು ಅವರ ಕಥೆಗಳಲ್ಲಿ ಹೆಸರು, ಮುಖ, ಹಟ ಎಲ್ಲ ಇರುವ ಮನುಷ್ಯರು. ತೇಜಸ್ವಿಯವರು ಆಂಡರ್ಸನ್‌ರನ್ನು ‘ಕಾಡಿನ ಕತೆಗಳು’ ಮಾಲೆಯಲ್ಲಿ ಕನ್ನಡಕ್ಕೆ ತಂದಾಗ ಅವು ನಮ್ಮವೇ ಎನಿಸಿದ್ದಕ್ಕೆ ಇದೂ ಒಂದು ಕಾರಣ ಎಂದು ನನ್ನ ಎಣಿಕೆ.

ಏಕೆಂದರೆ ಕನ್ನಡದ ಬೇಟೆಯ ನೆನಪಿನಲ್ಲಿ ಜೊತೆಗಾರನಿಗೆ ಜಾಗ ಮೊದಲಿನಿಂದಲೂ ಇದೆ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ನೋಡಿ; ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಗೆದ್ದ ಗಂಗರ ಅರಸ ಬೂತುಗ ತನ್ನ ವೀರ ಮಣಲೆರನನ್ನು ಮೆಚ್ಚಿ ಏನು ಬೇಕೆಂದು ಕೇಳಿದರೆ, ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಕಾದಾಡಿ ಸತ್ತವು. ಮಣಲೆರ ನಾಯಿಗೆ ಕಲ್ಲು ನಿಲ್ಲಿಸಿ, ಪೂಜೆಗೆಂದು ಗದ್ದೆ ಬಿಟ್ಟ. ಕಲ್ಲಿನ ನೆತ್ತಿಯಲ್ಲಿ ನಾಯಿ ಹಂದಿಗಳ ಕಾಳಗದ ಚಿತ್ರವಿದೆ. ಹತ್ತನೆಯ ಶತಮಾನದ ನಡುವಿನ ಮಾತು ಇದು. ಆ ಯುದ್ಧದಲ್ಲಿ ಚೋಳರ ರಾಜಾದಿತ್ಯ ಬಿದ್ದ ಸುದ್ದಿಯ ಜೊತೆಗೇ ಒಂದು ನಾಯಿಯ ಹೆಸರು ಸಾವಿರ ವರ್ಷ ಬಾಳಿದೆ.

ಹಾಸನ ಜಿಲ್ಲೆಯ ನಮ್ಮ ಕೊಣನೂರು ಸೀಮೆಯ ಮಕ್ಕಳು ಶಾಲಾ ಪ್ರವಾಸದಲ್ಲಿ ನೋಡಿಬರುವ ಬೇಲೂರಿನಲ್ಲಿ ಇದಕ್ಕಿಂತ ಸೂಕ್ಷ್ಮವಾದ ಸಾಕ್ಷಿಯಿದೆ. ಮದನಿಕೆಯರ ಸಾಲಿನಲ್ಲಿ ಒಬ್ಬಳು ಬೇಟೆಗಾರ್ತಿ. ಎಲ್ಲರೂ ಅವಳ ಬಾಗನ್ನು, ಒಡವೆಯನ್ನು ನೋಡಿ ಮುಂದೆ ಹೋಗುತ್ತಾರೆ. ಅವಳ ಕಾಲ ಬುಡದಲ್ಲಿ ಪುಟ್ಟ ಪುಟ್ಟ ಆಕೃತಿಗಳಿವೆ. ಒಬ್ಬಾತನ ಹೆಗಲ ಮೇಲೆ ಬಿದಿರ ದಬ್ಬೆ, ಅದರ ತುದಿಗಳಲ್ಲಿ ಕಟ್ಟಿದ ಜಿಂಕೆ ಮತ್ತು ಕೊಕ್ಕರೆ. ಇನ್ನೊಬ್ಬರ ಕಾಲಿಗೆ ಮುಳ್ಳು ಹೊಕ್ಕಿದೆ. ಕುಳಿತ ಒಬ್ಬರು ಸೂಜಿಯಿಂದ ಅದನ್ನು ಕೀಳುತ್ತಿದ್ದಾರೆ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಗುಡಿಯ ಶಿಲ್ಪಿಗೆ ಬೇಟೆಯೆಂದರೆ ಬಿಲ್ಲು ಹಿಡಿದವಳೊಬ್ಬಳೇ ಆಗಿರಲಿಲ್ಲ. ಹೊತ್ತವನ ಹೆಗಲು, ಮುಳ್ಳು ತುಳಿದ ಅಂಗಾಲು ಸೇರಿದರೇ ಆ ಶಿಲ್ಪ ಪೂರ್ತಿ. ಬೇಟೆಯ ಕುರಿತು ಇದಕ್ಕಿಂತ ಪ್ರಾಮಾಣಿಕವಾದ ವಿಮರ್ಶೆಯನ್ನು ನಾನು ಕಂಡಿಲ್ಲ. ಮಲೆನಾಡಿನ ಹಂದಿ ಬೇಟೆಯಲ್ಲಿ ಕೋವಿ ಹಿಡಿದು ಬಿಲ್ಲಿಗೆ, ಅಂದರೆ ಪ್ರಾಣಿ ಬರುವ ದಾರಿ ಕಾದು, ನಿಂತವರಿಗಷ್ಟೇ ಅಲ್ಲ, ಅದನ್ನು ಎಬ್ಬಿಸಲು ಹಳುವಿಗೆ ನುಗ್ಗಿದವರಿಗೂ, ಕೊನೆಗೆ ನಾಯಿಗೂ ಪಾಲು ಹಾಕುತ್ತಿದ್ದ ನಡಾವಳಿ ಇದೇ ತಿಳಿವಳಿಕೆಯದು.

1972ರ ವನ್ಯಜೀವಿ ಕಾಯ್ದೆಯಡಿ ಮೋಜಿನ ಬೇಟೆ ಈಗ ನಮ್ಮಲ್ಲಿ ಅಪರಾಧ, ಅದು ಹಾಗೆಯೇ ಇರಲಿ. ಆದರೆ ಹಾಸನ ಜಿಲ್ಲೆಯಲ್ಲಿ ಇನ್ನೊಂದು ಬೇಟೆ ನಡೆಯುತ್ತಲೇ ಇದೆ. ಸಕಲೇಶಪುರ, ಆಲೂರು, ಬೇಲೂರು ಕಡೆಯ ಕಾಫಿ ತೋಟಗಳಿಗೆ ಇಳಿಯುವ ಕಾಡಾನೆಯನ್ನು ಹಿಡಿಯುವುದು ಅಥವಾ ರೇಡಿಯೊ ಕಾಲರ್ ತೊಡಿಸುವುದು. ಕೋವಿಯಲ್ಲಿ ಗುಂಡಿನ ಬದಲು ಅರಿವಳಿಕೆ ಮದ್ದು. ದಾರಿ ತೋರುವವರು ಆನೆ ಶಿಬಿರಗಳಿಂದ ಬಂದ ಮಾವುತರು, ಕಾವಾಡಿಗಳು, ಹೆಚ್ಚಿನವರು ಜೇನುಕುರುಬರು. ಅವರ ಜೊತೆಗೆ ಸಾಕಾನೆಗಳು. 2023ರ ಡಿಸೆಂಬರ್ 4ರಂದು ಯಸಳೂರು ಬಳಿ ಇಂಥ ಕಾರ್ಯಾಚರಣೆಯಲ್ಲೇ ಸಾಕಾನೆ ಅರ್ಜುನ ಒಂದು ಕಾಡಾನೆಯೊಡನೆ ಕಾದಾಡಿ ಸತ್ತ. 1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ ತಾನೇ ಸೆರೆಯಾಗಿ, 2012ರಿಂದ 2019ರವರೆಗೆ ಮೈಸೂರು ದಸರೆಯಲ್ಲಿ ಚಿನ್ನದ ಅಂಬಾರಿ ಹೊತ್ತ ಆನೆ ಅದು. ನಾಡು ಕಣ್ಣು ತುಂಬಿ ಅತ್ತಿತು, ಸ್ಮಾರಕ ಬೇಕೆಂದಿತು. ಕಾಳಿಗೆ ಕಲ್ಲು ನಿಲ್ಲಿಸಿದ ನಾಡು ಹಾಗೆ ಕೇಳಿದ್ದು ಸರಿ.

ಆನೆಯ ಹೆಸರು ಎಲ್ಲರ ಬಾಯಲ್ಲಿದೆ. ಅದರ ಬೆನ್ನ ಮೇಲೆ ಕೂತು ಮದವೇರಿದ ಸಲಗದ ಎದುರು ಹೋಗುವವರ ಹೆಸರು ಅವರು ಗಾಯಗೊಂಡ ದಿನ ಮಾತ್ರ ಪತ್ರಿಕೆಯಲ್ಲಿ ಬರುತ್ತದೆ. ಅರಣ್ಯ ಇಲಾಖೆಗೆ ನನ್ನ ಕೋರಿಕೆ ಇಷ್ಟೇ. ಪ್ರತಿ ಕಾರ್ಯಾಚರಣೆಯ ಪ್ರಕಟಣೆಯಲ್ಲಿ ಮಂತ್ರಿ, ಅಧಿಕಾರಿ, ಪಶುವೈದ್ಯರ ಜೊತೆಗೆ ಮಾವುತ ಕಾವಾಡಿಗಳ ಹೆಸರನ್ನೂ, ಅವರ ಹಾಡಿಯ ಹೆಸರನ್ನೂ ಕಡ್ಡಾಯವಾಗಿ ಬರೆಯಿರಿ. ಅವರಿಗೆ ವಿಮೆಯನ್ನೂ ಕಾಯಂ ನೌಕರಿಯನ್ನೂ ಕೊಡಿ. ವರದಿಗಾರರೂ ಮದ್ದಿನ ಕೋವಿ ಹಿಡಿದವರನ್ನು ಮಾತಾಡಿಸಿದ ಮೇಲೆ ಹೆಜ್ಜೆ ಜಾಡು ಹಿಡಿದವರನ್ನೂ ಮಾತಾಡಿಸಲಿ.