ಶಿಲೀಂಧ್ರ ಮೆನಿಂಜೈಟಿಸ್: ಲೆಕ್ಕಕ್ಕೆ ಸಿಗದ ಖರ್ಚು

ಮೆನಿಂಜೈಟಿಸ್ ಎಂದೊಡನೆ ನಿಮಗೆ ನೆನಪಾಗುವುದು ಬ್ಯಾಕ್ಟೀರಿಯಾ, ಇಲ್ಲವೆ ವೈರಸ್. ಮಿದುಳಿನ ಪೊರೆಗಳಲ್ಲಿ ಶಿಲೀಂಧ್ರವೂ ಬೀಡುಬಿಡಬಲ್ಲದು ಎಂಬುದನ್ನು ತರಗತಿಯಲ್ಲಿ ನಾವು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತೇವೆ. ಈ ಕಾಯಿಲೆಗೆ ಮುಖ್ಯ ಕಾರಣ ಕ್ರಿಪ್ಟೊಕಾಕಸ್ ನಿಯೊಫಾರ್ಮನ್ಸ್ ಎಂಬ ಯೀಸ್ಟ್. ಪಾರಿವಾಳದ ಹಿಕ್ಕೆ ಮತ್ತು ಮಣ್ಣಿನಲ್ಲಿ ಇದರ ವಾಸ. ಉಸಿರಿನೊಡನೆ ನಮ್ಮಲ್ಲಿ ಅನೇಕರ ಶ್ವಾಸಕೋಶ ಸೇರುತ್ತದೆ. ಆರೋಗ್ಯವಂತರಲ್ಲಿ ಅಲ್ಲಿಯೇ ಅಡಗುತ್ತದೆ. ಎಚ್‌ಐವಿ ಸೋಂಕಿನಿಂದ ರಕ್ತದ ಸಿಡಿ4 ಕೋಶಗಳ ಸಂಖ್ಯೆ ಮೈಕ್ರೋಲೀಟರಿಗೆ 100ಕ್ಕಿಂತ ಕೆಳಗಿಳಿದಾಗ ಮಿದುಳಿಗೆ ದಾರಿ ಸಿಗುತ್ತದೆ. ಒಬ್ಬರಿಂದ ಒಬ್ಬರಿಗೆ ಇದು ಹರಡುವುದಿಲ್ಲ. ಆದರೂ ಒಂದು ಅಂದಾಜಿನಂತೆ 2020ರಲ್ಲಿ ಎಚ್‌ಐವಿ ಇದ್ದವರಲ್ಲಿ ಜಗತ್ತಿನಾದ್ಯಂತ 1,52,000 ಜನರಿಗೆ ಈ ಮೆನಿಂಜೈಟಿಸ್ ಬಂದು, 1,12,000 ಜನ ಸತ್ತರು. ಏಡ್ಸ್ ಸಾವುಗಳಲ್ಲಿ ಹೆಚ್ಚುಕಡಿಮೆ ಐದರಲ್ಲೊಂದು!

ಇದರ ಚಿಕಿತ್ಸೆಗೆ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊಸ ಮಾರ್ಗಸೂಚಿ ಕೊಟ್ಟಿತು. ಆಧಾರ, ಆಫ್ರಿಕದ ಐದು ದೇಶಗಳಲ್ಲಿ 844 ರೋಗಿಗಳನ್ನು ಸೇರಿಸಿಕೊಂಡು ನಡೆದ 'ಆಂಬಿಷನ್' ಪ್ರಯೋಗ. ಅದನ್ನು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಲ್ಲಿ ನಿಂತು ಓದಿದರೆ ಏನು ಕಾಣುತ್ತದೆ? 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟ ಜಿಲ್ಲೆಯ ಮೂಲ ತಾಲ್ಲೂಕುಗಳಿವು. ಗಂಗಾವತಿಗೆ ತುಂಗಭದ್ರೆಯ ಎಡದಂಡೆ ಕಾಲುವೆ ಇದೆ, ಭತ್ತ ಇದೆ. ಕುಷ್ಟಗಿ, ಯಲಬುರ್ಗಾಗಳ ಬಹುಪಾಲು ಬೇಸಾಯ ಮಳೆಯನ್ನೇ ನೆಚ್ಚಿದ್ದು. ಮಳೆ ಕೈಕೊಟ್ಟರೆ ಜನ ದುಡಿಮೆಗೆ ಗುಳೆ ಹೋಗುತ್ತಾರೆ. ಉತ್ತರ ಕರ್ನಾಟಕದ ಈ ಭಾಗದಲ್ಲಿ ಎಚ್‌ಐವಿಯ ಹೊರೆಯೂ ದೊಡ್ಡದಾಗಿತ್ತು.

ಮೊದಲು ಮಾರ್ಗಸೂಚಿಯ ಹೆಚ್ಚುಗಾರಿಕೆ. ಶಿಲೀಂಧ್ರದ ಕೋಶ ರಚನೆಯಲ್ಲಿ ಬ್ಯಾಕ್ಟೀರಿಯಕ್ಕಿಂತ ನಮಗೇ ಹತ್ತಿರ. ಹಾಗಾಗಿ ಅದನ್ನು ಕೊಲ್ಲುವ ಮದ್ದು ನಮ್ಮನ್ನೂ ಘಾಸಿಗೊಳಿಸುತ್ತದೆ. ಆಂಫೊಟೆರಿಸಿನ್-ಬಿ ಶಿಲೀಂಧ್ರದ ಕೋಶಪೊರೆಯ ಎರ್ಗೊಸ್ಟೆರಾಲ್‌ಗೆ ಅಂಟಿಕೊಂಡು ಪೊರೆಯನ್ನು ತೂತು ಮಾಡುತ್ತದೆ; ನಮ್ಮ ಕೊಲೆಸ್ಟೆರಾಲನ್ನೂ ಅದು ಪೂರ್ತಿ ಬಿಡುವುದಿಲ್ಲ. ಮೂತ್ರಪಿಂಡಕ್ಕೆ ಪೆಟ್ಟು, ಪೊಟ್ಯಾಸಿಯಂ ನಷ್ಟ, ರಕ್ತಹೀನತೆ. ಹಳೆಯ ಕ್ರಮದಲ್ಲಿ ಇದನ್ನು ದಿನವೂ ಗಂಟೆಗಟ್ಟಲೆ ರಕ್ತನಾಳಕ್ಕೆ ಹನಿಸಬೇಕಿತ್ತು. ಮತ್ತೆಮತ್ತೆ ರಕ್ತಪರೀಕ್ಷೆ ಬೇಕಿತ್ತು. ಹೊಸ ಕ್ರಮದಲ್ಲಿ ಮದ್ದನ್ನು ಲಿಪೊಸೋಮ್ ಎಂಬ ಕೊಬ್ಬಿನ ಸೂಕ್ಷ್ಮ ಗುಳ್ಳೆಗಳಲ್ಲಿಟ್ಟು ಒಂದೇ ಸಲ ಕೊಡುತ್ತಾರೆ. ಜೊತೆಗೆ 14 ದಿನ ಫ್ಲುಸೈಟೊಸಿನ್ ಮತ್ತು ಫ್ಲುಕೊನಜೋಲ್ ಮಾತ್ರೆ.

ನೀವೇ ಲೆಕ್ಕ ಹಾಕಿ. 50 ಕಿಲೋಗ್ರಾಂ ತೂಕದ ರೋಗಿಗೆ ಕಿಲೋಗ್ರಾಮಿಗೆ 10 ಮಿಲಿಗ್ರಾಮಿನಂತೆ 500 ಮಿಲಿಗ್ರಾಂ ಆಂಫೊಟೆರಿಸಿನ್, ಅಂದರೆ 50 ಮಿಲಿಗ್ರಾಮಿನ ಹತ್ತು ಸೀಸೆ. ಫ್ಲುಸೈಟೊಸಿನ್ ದಿನಕ್ಕೆ ಕಿಲೋಗ್ರಾಮಿಗೆ 100 ಮಿಲಿಗ್ರಾಂ. 500 ಮಿಲಿಗ್ರಾಮಿನ ಮಾತ್ರೆ ದಿನಕ್ಕೆ 10, ಒಟ್ಟು 140. ಹತ್ತು ವಾರಗಳ ಕೊನೆಗೆ ಹೊಸ ಕ್ರಮದಲ್ಲಿ ಸತ್ತವರು ಶೇ. 24.8, ಹಿಂದಿನ ಕ್ರಮದಲ್ಲಿ ಶೇ. 28.7. ಗಂಭೀರ ಅಡ್ಡಪರಿಣಾಮಗಳೂ ಕಡಿಮೆ. ಇದು ನಿಜವಾದ ಗೆಲುವು, ಅನುಮಾನವಿಲ್ಲ.

ನನ್ನ ತಕರಾರು ಇರುವುದು ಇಂಥ ಚಿಕಿತ್ಸೆಗಳ ಖರ್ಚನ್ನು ನಾವು ಲೆಕ್ಕ ಹಾಕುವ ರೀತಿಯಲ್ಲಿ. ಲೆಕ್ಕ ಶುರುವಾಗುವುದು ಆಸ್ಪತ್ರೆಯ ಹಾಸಿಗೆಯಿಂದ. ಸೀಸೆ, ಮಾತ್ರೆ, ಹಾಸಿಗೆಯ ದಿನಗಳು. ಕಾಯಿಲೆ ಶುರುವಾಗುವುದು ತಲೆನೋವಿನಿಂದ. ಬ್ಯಾಕ್ಟೀರಿಯದ ಮೆನಿಂಜೈಟಿಸ್‌ನಂತೆ ಇದು ಒಂದೆರಡು ದಿನಗಳಲ್ಲಿ ಎರಗುವುದಿಲ್ಲ; ವಾರಗಟ್ಟಲೆ ತಲೆನೋವು, ಸಣ್ಣ ಜ್ವರ. ನೋವಿನ ಮಾತ್ರೆ, ಗ್ಲೂಕೋಸ್ ಬಾಟಲಿ, 'ಟೈಫಾಯ್ಡ್ ಇರಬಹುದು' ಎಂಬ ಚುಚ್ಚುಮದ್ದು, ಇಷ್ಟರಲ್ಲಿ ಮನೆಯ ಹಣ ಕರಗಿರುತ್ತದೆ. ಕೊಪ್ಪಳದಲ್ಲಿ 2015ರಿಂದ ಸರಕಾರಿ ವೈದ್ಯಕೀಯ ಕಾಲೇಜು ಇದೆ ಎಂಬುದು ಸಮಾಧಾನದ ಸಂಗತಿ. ಅಲ್ಲಿಂದಾಚೆಗೆ ಹೋಗಬೇಕಾದರೆ ಹುಬ್ಬಳ್ಳಿಗೆ ನೂರು ಕಿಲೋಮೀಟರಿಗೂ ಹೆಚ್ಚು ದಾರಿ. ರೋಗಿಯೊಬ್ಬನೇ ಹೋಗಲಾರ, ಜೊತೆಗೊಬ್ಬರು ಬೇಕು. 2024-25ರಲ್ಲಿ ರಾಜ್ಯದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 349 ರೂಪಾಯಿ. ಅದನ್ನೇ ಅಳತೆಗೋಲಾಗಿ ಹಿಡಿದರೂ ಇಬ್ಬರ 14 ದಿನದ ದುಡಿಮೆ 9,772 ರೂಪಾಯಿ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಹಣ ಕಟ್ಟುವುದು ಆಸ್ಪತ್ರೆಗೆ. ಹೋದ ಕೂಲಿ ಆ ಲೆಕ್ಕದಲ್ಲಿಲ್ಲ.

ಇನ್ನೊಂದು ಬೇಸರದ ಮಾತು. ಫ್ಲುಸೈಟೊಸಿನ್ ಹೊಸದೇನಲ್ಲ, 1957ರಲ್ಲಿ ತಯಾರಾದದ್ದು. ಮದ್ದು ತಯಾರಿಕೆಗೆ ಹೆಸರಾದ ನಮ್ಮ ದೇಶದಲ್ಲೇ ಅದು ಬಹುಕಾಲ ರೋಗಿಗಳ ಕೈಗೆ ಎಟುಕಲಿಲ್ಲ. ಆಂಫೊಟೆರಿಸಿನ್ ಹೆಸರು ಮನೆಮಾತಾದದ್ದು 2021ರಲ್ಲಿ, ಕೋವಿಡ್ ಬೆನ್ನಿಗೆ 'ಕಪ್ಪು ಶಿಲೀಂಧ್ರ' ಬಂದಾಗ. ಆ ಜೂನ್‌ನಲ್ಲಿ ಜಿಎಸ್‌ಟಿ ಮಂಡಳಿ ಅದರ ಮೇಲಿನ ತೆರಿಗೆಯನ್ನು ತಾತ್ಕಾಲಿಕವಾಗಿ ತೆಗೆದೇಬಿಟ್ಟಿತು. ಅದೇ ಮದ್ದಿಗಾಗಿ ಮೆನಿಂಜೈಟಿಸ್ ರೋಗಿಗಳು ವರ್ಷಗಳಿಂದ ಪರದಾಡಿದ್ದು ಮಾತ್ರ ಸುದ್ದಿಯಾಗಿರಲಿಲ್ಲ.

ಮದ್ದಿನಷ್ಟೇ ಮುಖ್ಯವಾದದ್ದು ತಲೆಬುರುಡೆಯೊಳಗಿನ ಒತ್ತಡ ಇಳಿಸುವುದು. ಸೊಂಟದ ಬಳಿ ಸೂಜಿ ಹಾಕಿ ಮಿದುಳುಬಳ್ಳಿಯ ದ್ರವವನ್ನು ಹೊರತೆಗೆಯಬೇಕು, ಕೆಲವೊಮ್ಮೆ ದಿನವೂ. ಖರ್ಚು ಅತ್ಯಲ್ಪ. ಆದರೆ 'ಬೆನ್ನಿಗೆ ಸೂಜಿ ಹಾಕಿದರೆ ಸೊಂಟ ಬಿದ್ದುಹೋಗುತ್ತದೆ' ಎಂಬ ಭಯಕ್ಕೆ ಮನೆಯವರು ಒಪ್ಪದಿರುವುದುಂಟು. ಈ ಭಯದ ಬೆಲೆಯನ್ನು ಯಾವ ತಃಖ್ತೆಯಲ್ಲಿ ತುಂಬುತ್ತೀರಿ?

ಶೇ. 24.8ಕ್ಕೆ ಮರಳಿ ಬನ್ನಿ. ಒಳ್ಳೆಯ ಮದ್ದು, ನುರಿತ ವೈದ್ಯರು ಇದ್ದ ಪ್ರಯೋಗದಲ್ಲೂ ನಾಲ್ವರಲ್ಲಿ ಒಬ್ಬರು ಉಳಿಯಲಿಲ್ಲ. ಹಾಗಾದರೆ ಉಳಿತಾಯ ಇರುವುದು ಇನ್ನೂ ಹಿಂದೆ, ತಲೆನೋವು ಬರುವ ಮೊದಲು. ಶಿಲೀಂಧ್ರದ ಪ್ರತಿಜನಕ ಲಕ್ಷಣಗಳಿಗಿಂತ ವಾರಗಳ ಮೊದಲೇ ರಕ್ತದಲ್ಲಿ ಕಾಣಿಸಿಕೊಳ್ಳುತ್ತದೆ. ಒಂದು ಕಾಗದದ ಪಟ್ಟಿ, ಒಂದು ತೊಟ್ಟು ಸೀರಮ್, ಹತ್ತು ನಿಮಿಷ. ಪಟ್ಟಿಯಲ್ಲಿ ಗೆರೆ ಮೂಡಿ, ಸೊಂಟದ ದ್ರವದಲ್ಲಿ ಶಿಲೀಂಧ್ರ ಇಲ್ಲವೆಂದು ಖಚಿತವಾದರೆ ಫ್ಲುಕೊನಜೋಲ್ ಮಾತ್ರೆಯೇ ಸಾಕು, ಮನೆಯಲ್ಲಿದ್ದೇ ನುಂಗಬಹುದು. ಎರಡು ವಾರ ದಿನಕ್ಕೆ 1,200 ಮಿಲಿಗ್ರಾಂ, ಮುಂದೆ ಎಂಟು ವಾರ 800. 200 ಮಿಲಿಗ್ರಾಮಿನ ಮಾತ್ರೆಗಳಲ್ಲಿ 84 ಮತ್ತು 224, ಒಟ್ಟು 308; ಆಮೇಲೆ ಕೆಲಕಾಲ ದಿನಕ್ಕೊಂದು. ಆ ಪಟ್ಟಿಯನ್ನು ಯಾರಿಗೆ ಬಳಸಬೇಕೆಂದು ತಿಳಿಯಲು ಸಿಡಿ4 ಎಣಿಕೆ ಬೇಕು. 2004ರಿಂದ ಎಚ್‌ಐವಿ ಮದ್ದು ದೇಶದಲ್ಲಿ ಉಚಿತ. ಆದರೆ ಗುಳೆ ಹೋಗಿ ಮದ್ದು ನಿಲ್ಲಿಸಿ ಆರು ತಿಂಗಳಿಗೆ ಊರಿಗೆ ಮರಳಿದವನ ಸಿಡಿ4 ಎಣಿಕೆಯನ್ನು ಅಂದೇ ಮಾಡಿದರೆ ಮಾತ್ರ ಆ ಹತ್ತು ನಿಮಿಷ ಉಪಯೋಗಕ್ಕೆ ಬರುತ್ತದೆ.