ಹಕ್ಕಲ ಹೊಲವೂ ಕಳ್ಳತನದ ನಿಷೇಧವೂ

ಚಾರ್ಲ್ಸ್ ಮರ್ರೆ 1984ರಲ್ಲಿ ಪ್ರಕಟಿಸಿದ ‘ಲೂಸಿಂಗ್ ಗ್ರೌಂಡ್’ ಎಂಬ ಗ್ರಂಥವು ಅಮೆರಿಕದ ಬಡವರನ್ನು ಕುರಿತದ್ದು. ಆದರೂ ಅದರ ವಾದ ನಮ್ಮ ಸಭೆಗಳಿಗೆ ಅಪರಿಚಿತವಲ್ಲ. ಬಿಟ್ಟಿಯಾಗಿ ಕೊಟ್ಟರೆ ಜನ ಕೆಡುತ್ತಾರೆಂಬ ಮಾತನ್ನು ಆರಾಧನೆ ಮುಗಿಸಿ ಹೊರಬಂದ ಸಭಿಕರ ಬಾಯಲ್ಲಿ ಕೇಳದ ಸಭಾಪಾಲಕರು ವಿರಳ. ಆದಕಾರಣ ಈ ಗ್ರಂಥವನ್ನು ಅದರ ಬಲವನ್ನು ಮರೆಮಾಚದೆ ಪರಿಶೀಲಿಸುವುದು ಉಚಿತವೆಂದು ಭಾವಿಸುತ್ತೇವೆ.

ಅದರ ಬಲವೇನೂ ಅಲ್ಪವಲ್ಲ. 1959ರಲ್ಲಿ ಅಮೆರಿಕದ ಪ್ರಜೆಗಳಲ್ಲಿ ಸುಮಾರು ಶೇ. 22 ಮಂದಿ ಬಡತನದ ರೇಖೆಯ ಕೆಳಗಿದ್ದರು. 1973ರ ವೇಳೆಗೆ ಅದು ಶೇ. 11ಕ್ಕೆ ಇಳಿದಿತ್ತು. ಅದೇ ಅವಧಿಯಲ್ಲಿ ಕೊಲೆಗಳ ಪ್ರಮಾಣ ಲಕ್ಷ ಜನರಿಗೆ ಸುಮಾರು 5ರಿಂದ 9ಕ್ಕೂ ಮೇಲೇರಿತು. ಬಡತನವೇ ಅಪರಾಧದ ತಾಯಿ ಎಂದು ಬೋಧಪೀಠದಿಂದ ಸಲೀಸಾಗಿ ಸಾರುವವರಿಗೆ ಈ ಅಂಕಿಗಳು ತೊಡಕೇ ಸರಿ. ಬಡವರಲ್ಲಿ ಬಹುತೇಕರು ಎಂದೂ ಕದಿಯುವುದಿಲ್ಲವೆಂಬುದನ್ನು ನೆನೆದರೆ, ಆ ಘೋಷಣೆ ಅವರಿಗೆ ಅವಮಾನವೂ ಹೌದು.

ಮರ್ರೆಯ ತೀರ್ಮಾನ ಬೇರೆ. ಸಹಾಯಧನ ದುಡಿಮೆಯನ್ನೂ ವಿವಾಹವನ್ನೂ ಲಾಭವಿಲ್ಲದ ವ್ಯವಹಾರವಾಗಿಸಿತು, ಸಡಿಲವಾದ ದಂಡನೆ ಅಪರಾಧವನ್ನು ಸುಲಭವಾಗಿಸಿತು, ಬಡವರು ತಮಗೆ ಅನುಕೂಲವಾದದ್ದನ್ನು ಆರಿಸಿಕೊಂಡರು ಎಂಬುದು ಅವರ ವಾದ. ಇದಕ್ಕಾಗಿ ಹ್ಯಾರಲ್ಡ್ ಮತ್ತು ಫಿಲಿಸ್ ಎಂಬ ಕಲ್ಪಿತ ಜೋಡಿಯೊಂದನ್ನು ಸೃಷ್ಟಿಸಿ, 1960ರಲ್ಲೂ 1970ರಲ್ಲೂ ಅವರ ಲೆಕ್ಕಾಚಾರ ಹೇಗಿರುತ್ತಿತ್ತೆಂದು ತೋರಿಸುತ್ತಾರೆ. ದುಡಿಯುವ ವಯಸ್ಸಿನವರಿಗೆ ಕೇಂದ್ರ ಸರ್ಕಾರ ಕೊಡುವ ನೆರವನ್ನೆಲ್ಲ ರದ್ದುಗೊಳಿಸಬೇಕೆಂಬ ಸಲಹೆಯವರೆಗೂ ಹೋಗುತ್ತಾರೆ. ಆದರೆ ಈ ಜೋಡಿಗೆ ನೆರೆಹೊರೆಯಿಲ್ಲ, ಸಭೆಯಿಲ್ಲ, ನಾಚಿಕೆಯಿಲ್ಲ. ಇರುವುದು ಕೂಡುವ ಕಳೆಯುವ ಬುದ್ಧಿಯೊಂದೇ. ವಾದಕ್ಕೆ ಇನ್ನೊಂದು ತೊಡಕೂ ಉಂಟು. ಮಕ್ಕಳಿರುವ ಬಡ ಕುಟುಂಬಗಳಿಗೆ ಸಲ್ಲುತ್ತಿದ್ದ ನಗದು ನೆರವಿನ ನಿಜ ಮೌಲ್ಯ 1970ರ ದಶಕದಲ್ಲಿ ಬೆಲೆಯೇರಿಕೆಯಿಂದ ಕುಗ್ಗುತ್ತಲೇ ಹೋಯಿತು. 1980ರಲ್ಲಿ ಕೊಲೆಯ ಪ್ರಮಾಣ ಮಾತ್ರ 10ನ್ನು ದಾಟಿತ್ತು.

ನೆರವನ್ನು ಕಿತ್ತುಕೊಂಡರೆ ಏನಾಗುತ್ತದೆಂಬುದು ಮುಂದೆ ಕಲ್ಪನೆಯ ವಿಷಯವಾಗಿ ಉಳಿಯಲಿಲ್ಲ. 1996ರ ಆಗಸ್ಟ್ 22ರ ಕಾನೂನು, ಬಡ ಮನೆಗಳ ಅಂಗವಿಕಲ ಮಕ್ಕಳು 18 ತುಂಬಿದಾಗ ಅವರ ಅರ್ಹತೆಯನ್ನು ಮರುಪರೀಕ್ಷಿಸಬೇಕೆಂದು ವಿಧಿಸಿತು. ಆ ದಿನಕ್ಕೆ ತುಸು ಮುಂಚೆ 18 ತುಂಬಿದವರಲ್ಲಿ ಬಹುಮಂದಿ ನೆರವು ಉಳಿಸಿಕೊಂಡರು, ತುಸು ನಂತರ ತುಂಬಿದವರಲ್ಲಿ ಅನೇಕರು ಕಳೆದುಕೊಂಡರು. ಜನ್ಮದಿನವೊಂದರ ಹೊರತು ಇಬ್ಬರಿಗೂ ಅಂತರವಿಲ್ಲ. ಮನಸಿ ದೇಶಪಾಂಡೆ ಮತ್ತು ಮೈಕೆಲ್ ಮ್ಯೂಲರ್-ಸ್ಮಿತ್ 2022ರಲ್ಲಿ ಪ್ರಕಟಿಸಿದ ಅಧ್ಯಯನ ಇವರನ್ನು ಎರಡು ದಶಕಗಳ ಕಾಲ ಹಿಂಬಾಲಿಸಿತು. ನೆರವು ಕಳೆದುಕೊಂಡವರ ಮೇಲಿನ ಅಪರಾಧದ ಆರೋಪಗಳು ಶೇ. 20ರಷ್ಟು ಹೆಚ್ಚಿದವು, ಕಳ್ಳತನ, ಕನ್ನ, ವಂಚನೆ, ವೇಶ್ಯಾವೃತ್ತಿಯಂತಹ ಹಣಕ್ಕಾಗಿ ನಡೆಯುವ ಅಪರಾಧಗಳಲ್ಲಿ ಏರಿಕೆ ಶೇ. 60. ಉಳಿತಾಯವಾದ ಹಣವನ್ನು ಪೊಲೀಸು ಮತ್ತು ಸೆರೆಮನೆಗಳ ವೆಚ್ಚವೇ ಬಹುಮಟ್ಟಿಗೆ ನುಂಗಿತು.

ಇಲ್ಲಿಗೆ ನಿಲ್ಲಿಸಿ ಗೆದ್ದೆವೆನ್ನುವ ಆಸೆ ನಮಗೂ ಉಂಟು. ಆದರೆ ಕಳ್ಳತನ ತಗ್ಗುತ್ತದೆಂಬ ಕಾರಣಕ್ಕೇ ಬಡವನಿಗೆ ಕೊಡಬೇಕೆಂದರೆ, ಅವನನ್ನು ಮೊದಲೇ ಶಂಕಿತನನ್ನಾಗಿ ಮಾಡಿ, ದಾನವನ್ನು ಉಳ್ಳವರ ಮನೆಗಳ ಕಾವಲುಕೂಲಿಯಾಗಿಸಿದಂತೆ. ಯಾಜಕಕಾಂಡ 19ರ ಕ್ರಮ ಹಾಗಿಲ್ಲ. 9 ಮತ್ತು 10ನೆಯ ವಚನಗಳು ಹೊಲದ ಮೂಲೆಯನ್ನೂ ಹಕ್ಕಲನ್ನೂ ಬಡವನಿಗೆ, ಪರದೇಶಿಗೆ ಬಿಡಬೇಕೆನ್ನುತ್ತವೆ. ಕಳ್ಳತನದ ನಿಷೇಧ 11ನೆಯದರಲ್ಲಿ ಬರುತ್ತದೆ. ಹಕ್ಕಲು ಬಿಡುವುದಕ್ಕೆ ಕಾರಣ ಕಳ್ಳತನದ ಭಯವಲ್ಲ, ಯೆಹೋವನೇ ಅವರ ದೇವರೆಂಬುದು. ಈ ಕ್ರಮವನ್ನು ಗಮನಿಸಿ ಓದಿದಾಗ ನಿಷೇಧವು ಹಕ್ಕಲನ್ನು ಬಿಡದೆ ಕೊಯ್ದುಕೊಂಡ ಹೊಲದೊಡೆಯನಿಗೂ ತಗಲುತ್ತದೆಂದು ನಮಗೆ ತೋರುತ್ತದೆ.

ದುಡಿಮೆಯನ್ನು ಸತ್ಯವೇದ ಕಡೆಗಣಿಸಿದೆಯೆಂದು ಇದರ ಅರ್ಥವಲ್ಲ. ಹಕ್ಕಲನ್ನು ಆಯುವುದಕ್ಕೂ ಬೆನ್ನು ಬಾಗಿಸಬೇಕು. ಎಫೆಸದವರಿಗೆ ಬರೆದ ಪತ್ರಿಕೆ 4:28ರಲ್ಲಿ ಕಳ್ಳನು ಕೈಯಾರೆ ದುಡಿಯಬೇಕಾದದ್ದು ಕೊರತೆಯಲ್ಲಿರುವವನಿಗೆ ಕೊಡಲು ಶಕ್ತನಾಗುವುದಕ್ಕಾಗಿ. ಮರ್ರೆಯ ಲೆಕ್ಕದಲ್ಲಿ ಸದಾ ಪಡೆಯುವವನಾಗಿರುವ ಮನುಷ್ಯ ಇಲ್ಲಿ ಕೊಡುವವನಾಗುತ್ತಾನೆ. 1996ರ ಅದೇ ಕಾನೂನು ಮಾದಕವಸ್ತುವಿನ ಘೋರ ಅಪರಾಧದಲ್ಲಿ ಶಿಕ್ಷೆಗೊಳಗಾದವರಿಗೆ ನಗದು ನೆರವನ್ನೂ ಆಹಾರದ ಚೀಟಿಯನ್ನೂ ಜೀವಮಾನವಿಡೀ ನಿರಾಕರಿಸಿತು. ರಾಜ್ಯಗಳು ಬೇಕಾದರೆ ಇದನ್ನು ಸಡಿಲಿಸಬಹುದಿತ್ತು. ಸೆರೆಯಿಂದ ಬರಿಗೈಯಲ್ಲಿ ಹೊರಬಂದು ಕೆಲಸ ಹುಡುಕುವವನು ಮೊದಲ ವಾರ ಏನನ್ನು ಉಣ್ಣಬೇಕೆಂಬ ಪ್ರಶ್ನೆಯನ್ನು ಆ ಕಾನೂನು ಕೇಳಲೇ ಇಲ್ಲ.